ವರ್ನನ್ನನ ಸೀಟು

ನೆಬ್ರಾಸ್ಕಾದ ಹೆದ್ದಾರಿಯಲ್ಲಿ, ಗಾಡಿ ತೂಗುವ ಕೌಂಟರಿನ ಸಾಲಿನಲ್ಲಿ, ನನ್ನ ಮುಂದೆ ಅಣ್ಣ-ತಂಗಿ ನಿಂತಿದ್ದರು. ಹೊರಗೆ ತಂಗಿಯ ಅರ್ಧ ಟನ್ ಹೊರುವ ಪಿಕಪ್ಪು, ಅದರ ಹಿಂದೆ ಮನೆಯಷ್ಟು ದೊಡ್ಡ ಟ್ರೇಲರು.

“ಎಷ್ಟು ಬಂತು, ಲೋರ್ನಾ?”

“ಪಿಕಪ್ ತಡ್ಕೊಳ್ಳೋಷ್ಟೇ ಇದೆ. ಇದೇ ಮೊದಲ್ನೇ ಸಲ.”

“ಏನೇನು ಇಳಿಸಿದೆ?”

“ಏನೂ ಇಲ್ಲ. ಎಲ್ಲಾ ಹೋದ ವರ್ಷದ ಸಾಮಾನೇ. ಆಗ ಪಕ್ಕದ ಸೀಟಲ್ಲಿ ವರ್ನನ್ ಇದ್ದ.”

ತೀರಿಹೋದವರಿಗೆ ಗೌರವ ಕೊಡುವಂತೆ ಅಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದ.

“ಮದುವೆ ಆದಾಗಿಂದ, ಭಾರ ಜಾಸ್ತಿ ಅಂತ ಪ್ರತಿ ಸಲ ತನ್ನ ಟೂಲ್ ಬಾಕ್ಸನ್ನೇ ನಿಮ್ಮನೇಲಿ ಬಿಟ್ಟು ಬರ್ತಿದ್ದ. ನನ್ನ ಹೊಲಿಗೆ ಮಷೀನ್ ಮುಟ್ತಿರ್ಲಿಲ್ಲ.”

“ಆ ಟೂಲ್ ಬಾಕ್ಸ್ ನನ್ನ ಕಾರಲ್ಲೇ ಇದೆ. ನಿನಗೆ ಕೊಡೋಣ ಅಂತ ತಂದಿದೀನಿ.”

ಅವಳು ತೂಕದ ಚೀಟಿ ಮಡಚಿ ಬಾಗಿಲ ಕಡೆ ನಡೆದಳು.

“ಅವನ ಸೀಟಲ್ಲೇ ಇಡು. ಬೆಲ್ಟ್ ಹಾಕು. ಬೆಲ್ಟ್ ಹಾಕೋವರೆಗೂ ನಾನು ಗಾಡಿ ಹೊರಡಿಸೋಳಲ್ಲ, ಅವನಿಗೆ ಗೊತ್ತು.”