ಕೂಗಿದವಳನ್ನೇ ಬೆಂಚಿನ ಮೇಲೆ ಕೂರಿಸಿದ ಬಗ್ಗೆ ಬೊಮ್ಮಕ್ಕನ ಹೇಳಿಕೆ

ನನ್ನ ಹೆಸರು ಬೊಮ್ಮಕ್ಕ ಕೋಂ ಲೇಟ್ ಕಾಟಲಿಂಗಪ್ಪ, ವಯಸ್ಸು ಎಪ್ಪತ್ತೊಂದು, ಕಸುಬು ಕುರಿ ಸಾಕಣೆ, ವಾಸ ಮತ್ತೋಡು ಹೋಬಳಿಯ ಗೊಲ್ಲರಹಟ್ಟಿ, ಹೊಸದುರ್ಗ ತಾಲ್ಲೂಕು. ಮೂರನೇ ತರಗತಿ ಓದಿದ್ದೇನೆ. ನಮ್ಮ ಕುರಿಗಾರರ ಸಂಘದ ನಿರ್ದೇಶಕಿ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ದಿನಾಂಕ 11-08-2025ರ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕುರಿಗಳ ಜಂತಿನ ಔಷಧಿಗೆಂದು ಸಂಘದ ಆಫೀಸಿನಲ್ಲಿ ಕುಳಿತಿದ್ದೆ. ಆಗ ಅಲ್ಲಿನ ಗುಮಾಸ್ತೆ ರಂಜಿತಾ ಸಂಘದ ಮೊಬೈಲಿಗೆ ಬಂದ ಕುರಿ ವಿಮೆ ಪಟ್ಟಿ ಎಂಬ ಫೈಲನ್ನು ಒತ್ತಿದಳು. ಅದು ಕಳ್ಳರ ಫೈಲು. ಒತ್ತಿದ ಕೂಡಲೇ ಅದು ಸಂಘದ ಹೆಸರಿನಲ್ಲಿ ಸದಸ್ಯರೆಲ್ಲರ ವಾಟ್ಸಾಪಿಗೆ ಹೋಯಿತು. ರಂಜಿತಾ ಫೋನ್ ಆಫ್ ಮಾಡಿ, ಸಿಮ್ ಕಿತ್ತು, ಅಧ್ಯಕ್ಷ ರಘುನಾಥನ ಮುಂದೆ ಇಟ್ಟಳು. ಅಣ್ಣ, ನಾನೇ ಒತ್ಬಿಟ್ಟೆ, ಯಾರೂ ಮುಟ್ಟಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಾಣ ಎಂದಳು. ರಘುನಾಥನು, ಬಾಯಿ ಮುಚ್ಕಂಡು ಕುಂತ್ಕ, ಸಂಘದ ಮಾನ ಹೋಗ್ತೈತೆ, ಬುಧವಾರ ಮೀಟಿಂಗಲ್ಲಿ ನೋಡಾಣ ಎಂದನು. ಲೇ ರಘು, ತೋಳ ಬುಧವಾರದ ತನಕ ಕಾಯ್ತೈತೇನೋ ಎಂದು ಕೇಳಿದೆ. ಇದು ಮೊಬೈಲ್ ವಿಷಯ ಕಣಜ್ಜಿ, ನಿಂಗೆ ತಿಳಿಯಲ್ಲ ಎಂದನು. ಅವನಿಗೆ ಏನು ತಿಳಿದಿತ್ತೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ನಾನು ಹಟ್ಟಿಗೆ ಬಂದು ಕಂಡವರಿಗೆಲ್ಲ ಹೇಳಿದೆ. ಮಾಡದಕೆರೆ ಕಡೆ ಮಂದೆ ಹೊಡೆದುಕೊಂಡು ಹೋಗಿದ್ದ ಕರಿಸಿದ್ದಪ್ಪನಿಗೆ ಹೇಳುವವರಿರಲಿಲ್ಲ. ಸಂಘದಿಂದ ಬಂದದ್ದಲ್ಲವೇ ಎಂದು ನಂಬಿ ಅವನು ಮಧ್ಯಾಹ್ನ ಎರಡಕ್ಕೆ ಒತ್ತಿದನು. ಸಂಜೆಯೊಳಗೆ ಅವನ ಬ್ಯಾಂಕ್ ಖಾತೆ ಬರಿದಾಯಿತು. ನಾಲ್ಕು ಗಂಟೆ ಹೊತ್ತು ಬಾಯಿ ಮುಚ್ಚಿದ್ದವನು ರಘುನಾಥ. ಮರುದಿನ, ಇದೆಲ್ಲ ರಂಜಿತಾಳ ಕೆಲಸವೆಂದು ದೂರು ಕೊಟ್ಟವನೂ ಅವನೇ. ನಿನ್ನೆಯೂ ಇಂದೂ ಆ ಹುಡುಗಿಯನ್ನು ವಿಚಾರಣೆಗೆಂದು ಇಲ್ಲಿ ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದಾರೆ. ಅವಳು ನನಗೆ ನೆಂಟಳಲ್ಲ.

ನಮ್ಮಲ್ಲಿ ಕುರಿ ಕೂಡುವ ರೊಪ್ಪಕ್ಕೆ ತೋಳ ಬಿದ್ದರೆ ಕಾವಲಿನಲ್ಲಿ ತೂಕಡಿಸಿದವನೇ ಮೊದಲು ಕೂಗಬೇಕು. ಕೂಗಿದವನನ್ನು ಆಗ ಬೈಯುವಂತಿಲ್ಲ. ಒಬ್ಬರು ಉಳಿದ ಕುರಿಯನ್ನು ಒತ್ತಟ್ಟಿಗೆ ಕೂಡಬೇಕು, ಇನ್ನೊಬ್ಬರು ಪಕ್ಕದ ರೊಪ್ಪಕ್ಕೆ ಸುದ್ದಿ ಮುಟ್ಟಿಸಬೇಕು. ತಪ್ಪು ಯಾರದೆಂಬ ಪಂಚಾಯ್ತಿ ಬೆಳಗಾದ ಮೇಲೆ. ಕೂಗಿದ್ದಕ್ಕೇ ಬೈದರೆ ಮುಂದಿನ ಸಲ ಆಸಾಮಿ ಕಂಬಳಿ ಹೊದ್ದು ಮಲಗುತ್ತಾನೆ. ಇದನ್ನು ಬರೆದುಕೊಳ್ಳುತ್ತಿರುವ ಮಂಜಣ್ಣನವರು, ಅಜ್ಜೀ, ಕುರಿ ಕತೆ ಬ್ಯಾಡ, ಕೇಸಿಗೆ ಬಾ ಎಂದರು. ಕೇಸೇ ಇದು ಕಣಪ್ಪ, ಬರ್ಕ ಎಂದೆ.

ಇಂದು ಬೆಳಿಗ್ಗೆ ನಮ್ಮ ಸದಸ್ಯೆಯೊಬ್ಬಳು ಮನೆಗೆ ಬಂದು, ತಾನೂ ಸೋಮವಾರವೇ ಆ ಫೈಲನ್ನು ಒತ್ತಿರುವುದಾಗಿಯೂ, ಫೋನು ತಾನಾಗಿಯೇ ಯಾರ‍್ಯಾರಿಗೋ ಕಳಿಸುತ್ತಿರುವುದಾಗಿಯೂ ತಿಳಿಸಿದಳು. ಫೋನು ಆಫ್ ಮಾಡಿಸಿದೆ. ಠಾಣೆಗೆ ಹೋಗಾಣ ಬಾರೇ ಎಂದೆ. ಹೋದ್ರೆ ರಂಜಿತಾನ ಪಕ್ಕದಾಗೆ ನನ್ನೂ ಕುಂಡ್ರಿಸ್ತಾರೆ, ನಾನೊಲ್ಲೆ ಎಂದಳು. ಅವಳ ಫೋನಿನಿಂದ ಅದು ಎಷ್ಟು ಊರಿಗೆ ಹೋಗಿದೆಯೋ ಗೊತ್ತಿಲ್ಲ. ಅವಳ ಹೆಸರೇನೆಂದು ಮಂಜಣ್ಣನವರು ಎರಡು ಸಲ ಕೇಳಿದರು. ನಾನು ಹೇಳುವುದಿಲ್ಲ. ರಂಜಿತಾ ಮನೆಗೆ ಹೋದದ್ದನ್ನು ಕಣ್ಣಾರೆ ಕಂಡರೆ ಅವಳು ಫೋನು ಹಿಡಿದು ತಾನಾಗಿಯೇ ಬರುತ್ತಾಳೆ.

ಮೇಲಿನದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಹೊಸದುರ್ಗ ತಾಲ್ಲೂಕು
ದಿನಾಂಕ: 14-08-2025
ಸಹಿ: ಬೊಮ್ಮಕ್ಕ