ದಡಿಯಾಗಿನ ಹಸಿರ ಎಳಿ

…ಮತ್ತ ಕೆಳಗ ನೋಡಿದ್ರಿ! ಇಲ್ಲ ಅನಬ್ಯಾಡ್ರಿ, ನಾ ಏನ ಕುರುಡಿ ಅದೇನೇನು? ಇಷ್ಟ ಸಣ್ಣ ತೊಟ್ಟಲದಾಗ ಇಬ್ರ ಕುಂತೇವಿ, ಮೊಣಕಾಲಿಗೆ ಮೊಣಕಾಲ ಹತ್ತಾಕತ್ತಾವು. ಆದ್ರೂ ನಿಮ್ಮ ಕಣ್ಣ ಕೆಳಗ, ಐಸ್‌ಕ್ರೀಮ್ ಅಂಗಡಿ ಮುಂದ! ಐಸ್‌ಕ್ರೀಮ್ ನೋಡಾಕತ್ತಿದ್ದೆ ಅಂತ ಹೇಳೀರಿ ಮತ್ತ. ಅದನ್ನ ತಿಂದ್ರ ನಿಮಗ ಹಲ್ಲ ಜುಂ ಅಂತಾವು, ನನಗ ಗೊತ್ತಿಲ್ಲೇನು? ನಮ್ಮ ಬಸ್ಸಿನ ಆ ರೇಷ್ಮಾ ನಿಂತಾಳ ಅಲ್ಲಿ. ಇಷ್ಟ ಮ್ಯಾಲಿಂದನೂ ಆಕಿ ಕುಸುಬಿ ಹೂವಿನ ಬಣ್ಣದ ಸೀರಿ ಕಾಣತೈತಿ.

ಅಯ್ಯ ನಮ್ಮವ್ವಾ, ನಿಂತಬಿಟ್ಟತಲ್ಲ ಜೈಂಟ್ ವೀಲು! ಏನು? ಕೆಳಗ ಮಂದೀನ ಹತ್ತಸಾಕತ್ತಾರ? ಛಲೋ ಆತು. ಇಲ್ಲಿಂದ ಎದ್ದ ಹೋಗಾಕ ಬರಂಗಿಲ್ಲ ನಿಮಗ. ಇವತ್ತ ಎಲ್ಲಾ ಕೇಳೇ ಇಳಿತೇನಿ.

ನಾಳೆ ಮುಂಜಾನೆ ಬಸ್ ಹತ್ತಿದ್ವಿ ಅಂದ್ರ ಮುಗೀತು. ಮತ್ತ ರಬಕವಿ, ಮತ್ತ ನಮ್ಮ ಪಾವರಲೂಮ್ ಖಟಕ್ ಖಟಕ್. ಆ ಸಪ್ಪಳದಾಗ ಗಂಡ ಹೆಂಡತಿ ಮಾತಾಡಬೇಕಂದ್ರ ಒದರಬೇಕು. ಅದಕ್ಕ ಅಂದಿದ್ದೆ, ಮದ್ವಿ ಆಗಿ ಹತ್ತ ವರ್ಷಾತು, ಒಮ್ಮೆರ ಎಲ್ಲೆರ ಕರಕೊಂಡ ಹೋಗ್ರಿ, ನಾಕ ಮಾತ ಆಡೂಣು ಅಂತ. ಕರಕೊಂಡ ಬಂದ್ರಿ, ಖರೆ. ನಾಕ ಮಾತ ಆಡೀರೇನು?

ಆ ರೇಷ್ಮಾ ಕೂಡ ಆಡೀರಿ! ನಾವ ಜಮಖಂಡ್ಯಾಗ ಈ ಟೂರಿನ ಬಸ್ ಹತ್ತಿದ್ವಿ, ಆಕಿ ಗಂಡನ ಕರಕೊಂಡ ಮುಧೋಳದಾಗ ಹತ್ತಿದ್ಲು. ನಮ್ಮ ಮುಂದಿನ ಸೀಟಿಗೆ ಕುಂತ್ಲೋ ಇಲ್ಲೋ, ಸೆರಗ ಹಿಂದ ಬಿತ್ತು, ನೀವ ಗಪ್ಪನ ಹಿಡದ್ರಿ! ಮಂದಿ ಹೆಣ್ಣಮಗಳ ಸೆರಗ್ರೀ! ತಿರುವಿ, ಬೆರಳಾಗ ತಿಕ್ಕಿ, ಕಣ್ಣ ಹತ್ರ ಒಯ್ದ… ಆಕಿ ಗಂಡ ಎದ್ದ ನಿಂತ. ‘ನಾವ ನೇಕಾರರೀ, ಕೈ ಸುಮ್ಮ ಇರಂಗಿಲ್ಲ’ ಅಂದ್ರಿ. ಬಸ್ಸೆಲ್ಲಾ ನಕ್ಕತು. ಆಕೀನೂ ನಕ್ಕಳು. ನಾ ಒಬ್ಬಾಕಿ ನಗಲಿಲ್ಲ.

ಈಗ ನೀವ್ಯಾಕ ನಗಾಕತ್ತೀರಿ? ನಗಾಕತ್ತಿಲ್ಲ? ಮತ್ತ ತುಟಿ ಯಾಕ ಹಂಗ ಮಾಡಿದ್ರಿ?

ನಿನ್ನೆ ಈ ಪಾರ್ಕಿನ ನೀರಾಗ ಇಳಿಯಾಕ ಆ ನೈಲಾನ್ ಅಂಗಿ, ಚಡ್ಡಿ ಬಾಡಗಿ ಹಿಡದ ಹಾಕ್ಕೊಂಡ ಬಂದೆ. ನಾಚಿಕಿ ಬಿಟ್ಟ ಬಂದೇನ್ರಿ! ಮುರದ ಕೂಡಿದ ಈ ಎಡತೋಳಿನ ಉಬ್ಬ ಊರ ಮಂದಿಗೆಲ್ಲಾ ಕಂಡತು. ಕಾಣಲಿ, ನನ್ನ ಗಂಡ ಒಮ್ಮೆ ನೋಡಿದ್ರ ಸಾಕು ಅಂತ. ನೋಡಿದ್ರೇನು? ನೀವ ಎಲ್ಲಿದ್ರಿ? ರೂಮಿನಾಗ! ರೇಷ್ಮಾ ಆ ಸೀರಿ ಹಿಂಡಿ ಮಗ್ಗಲ ರೂಮಿನ ಬಾಲ್ಕನ್ಯಾಗ ಒಣಗ ಹಾಕಿದ್ಲು, ನೀವ ಕೈಯಾಗಿನ ಚಾ ಆರೂ ತನಕ ಆ ಬಾಲ್ಕನಿ ನೋಡಕೋತ ನಿಂತಿದ್ರಿ. ಹೌದಿಲ್ಲೋ?

ಹೊಟ್ಟಿಕಿಚ್ಚ ಅನ್ರಿ. ಹೌದ, ಐತಿ ನನಗ ಹೊಟ್ಟಿಕಿಚ್ಚು. ಹೊಟ್ಟ್ಯಾಗ ಬೆಂಕಿ ಬಿದ್ದೈತಿ. ಮೊದಲ ಆ ವೈಶಾಲಿ, ಈಗ ಈಕಿ!

ಎಲಾ, ವೈಶಾಲಿ ಅಂದಕೂಡ್ಲೆ ಈ ಕಡೆ ತಿರುಗಿದ್ರಲ್ಲ! ನಿಮ್ಮ ಸೋದರತ್ತಿ ಮಗಳು. ನಾ ಬರದಿದ್ರ ಆಕೀನ ಈ ಮನಿ ಸೊಸಿ ಆಗತಿದ್ಲು, ನಿಮ್ಮವ್ವ ಇನ್ನೂ ಹೇಳತಾಳ. ಶ್ರಾವಣದಾಗ ಬಂದಿದ್ಲಲ್ಲ, ‘ಮಾಂತೇಶ ಮಾಮಾ, ಮಾಂತೇಶ ಮಾಮಾ’ ಅನಕೋತ. ನೀವ ಕುಸುಬಿ ಬಣ್ಣದ ನೂಲ ಆಕಿ ಕೈಮ್ಯಾಗ ಇಟ್ಟ ‘ಹೆಂಗ ಕಾಣತೈತಿ?’ ಅಂದ್ರಿ. ನಾ ಬಾಗಲದಾಗ ನಿಂತಿದ್ದೆ. ನನ್ನ ಕೈಮ್ಯಾಗ ಯಾಕ ಇಟ್ಟ ನೋಡಲಿಲ್ರಿ? ಪಾವರಲೂಮ್ ಬಂದ ಮ್ಯಾಲ ಮುತ್ಯಾನ ಕೈಮಗ್ಗ ಮುಟ್ಟಿದಾವ್ರ ಅಲ್ಲ ನೀವ. ಆ ನೂಲಿನ ಸೀರಿ ಸಲುವಾಗಿ ದಿನಾ ಸಂಜಿಕೆ ಮಗ್ಗದ ಕುಣಿಯಾಗ ಇಳದ ಕುಂದರತಿದ್ರಿ. ಯಾರಿಗಂತ ಕೇಳಿದ್ರ ಗಪ್ಪ!

ನಿಮ್ಮ ಮನಿ ಪದ್ಧತಿ ನನಗ ಗೊತ್ತಿಲ್ಲೇನು? ಮಾರೂ ಸೀರಿಗೆ ಗುರುತ ಇಲ್ಲ. ಮನಿ ಹೆಣ್ಣಮಕ್ಕಳ ಸೀರಿಗಷ್ಟ ಬ್ಯಾರೆ ಬಣ್ಣದ ಒಂದ ಎಳಿ ಹಾಕತೀರಿ. ಎಲ್ಲಿ, ಯಾವ ಬಣ್ಣ ಅಂತ ಕೊಡೂ ದಿನದ ತನಕ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಸೋದರತ್ತಿ ಮಗಳೂ ಮನಿ ಹೆಣ್ಣಮಗಳ ಅಲ್ಲೇನ್ರಿ ಮತ್ತ?

ಆ ಸೀರಿ ಕಳೀತು, ಅದಕ್ಕ ನಾ ಏನ ಮಾಡ್ಲಿ! ಅವತ್ತೂ ಹೇಳೇನಿ, ಇವತ್ತೂ ಹೇಳತೇನಿ, ಮಗ್ಗದಿಂದ ಇಳದ ಮ್ಯಾಲ ನಾ ಅದನ್ನ ಕಣ್ಣಿಲೆ ಕಂಡಿಲ್ಲ. ಜಮಖಂಡಿ ಅಂಗಡಿಗೆ ಕಳಸೂ ಗಂಟಿನಾಗ ಕೂಡಿ ಹೋಗಿರಬೇಕು. ಗಂಟ ಕಟ್ಟಾಂವ ಕಾಮಣ್ಣ. ಅಂವ ಬೀರಪ್ಪನ ಆಣಿ ಮಾಡಿ ನಾ ಅಲ್ಲ ಅಂದ, ನೀವ ಅಂವನ ಮ್ಯಾಲ ಒದರಾಡಿದ್ರಿ. ಮುಗೀತಲ್ಲ!

ಮತ್ತ ಕೆಳಗ! ರೇಷ್ಮಾ ಜಮಖಂಡ್ಯಾಗ ತಗೊಂಡೆ ಅಂದ್ಲು, ತಗೊಳ್ಳಲಿ. ಜಗತ್ತಿನಾಗ ಒಂದ ಕುಸುಬಿ ಸೀರಿ ಐತೇನು? ಆ ಬಣ್ಣ ಕಂಡ್ರ ನಿಮಗ ವೈಶಾಲಿ ನೆನಪ ಬರತಾಳ, ಅದಕ್ಕ ನೋಡತೀರಿ. ‘ನಾ ನೇಯ್ದ ಸೀರಿ’ ಅಂತ ಹೆಂಗ ಅಂತೀರಿ? ದಡಿಯಾಗ ಒಂದ ಹಸಿರ ಎಳಿ ಇದ್ರ ನಿಮ್ಮದ ಆತೇನು? ಸೆರಗಿನ ತುದ್ಯಾಗ, ಅಂಚಿನ ಒಳಮಗ್ಗಲಕ ಹಸಿರ ಎಳಿ ಯಾವ ನೇಕಾರ ಬೇಕಾದ್ರೂ ಹಾಕ್ಯಾನು…

ಯಾಕ ಹಂಗ ನೋಡತೀರಿ?

ಏನಂದೆ ನಾ? ಹಸಿರ ಎಳಿ… ನೀವ ಹೇಳಿದ್ರಲ್ಲ. ಹೇಳಲಿಲ್ಲೇನು? ನಿಮ್ಮವ್ವ ಹೇಳಿರಬೇಕು… ಇಲ್ಲ, ಕಾಮಣ್ಣ…

ರೀ. ಹಂಗ ನೋಡಬ್ಯಾಡ್ರಿ.

ಹೂಂ! ನಾನ ಹಾಕಿದೆ ಗಂಟಿನಾಗ! ಆತಿಲ್ಲೋ? ಮಡಿಕಿ ಬಿಚ್ಚಿ ನೋಡಿದೆ, ಎಳಿ ಕಂಡತು, ವೈಶಾಲಿಗೇ ಅಂತ ತಿಳದೆ. ಯಾರರ ಉಡಲಿ, ವೈಶಾಲಿ ಉಡಬಾರದು ಅಂತ ಹಾಕಿದೆ. ಬೈರಿ ಈಗ. ಮೊದಲನೇ ದಿನ ಬಸ್ಸಿನಾಗ ಆ ಸೆರಗ ಹಿಡದಾಗ ಅದ ಸೀರಿ ಅಂತ ಗೊತ್ತಾಗಿತ್ತಲ್ಲ ನಿಮಗ? ಇಷ್ಟ ದಿನ ಗಪ್ಪ ಇದ್ರಲ್ರಿ…

ಹೊಂಟತು. ಇಳಿಯಾಕತ್ತತು. ಏನರ ಅನ್ರಿ.

ಅದೇನ ತಗ್ಯಾಕತ್ತೀರಿ ಚೀಲದಾಗಿಂದ? ಜಂಪರು? ಕುಸುಬಿ ಬಣ್ಣದ್ದು… ಅದ ಸೀರಿದೇನು? ಹೊಲಿಸೂ ಇಟ್ಟಿದ್ರಿ ಆಕೀಗೆ! ಸೀರಿ ಕಳದ್ರೂ ಇದನ್ನ ಇಲ್ಲಿ ತನಕ ಹೊತಗೊಂಡ ಬಂದೀರಿ! ಕೊಡ್ರಿ ಇಲ್ಲೆ, ನೋಡೂಣು ಆಕಿ ನಡಾ ಎಷ್ಟ ಸಣ್ಣ ಐತಿ…

ಇದರ ಎಡಗೈ ತೋಳ ಯಾಕ ಇಷ್ಟ ಅಗಲ ಐತಿ?

ರೀ… ವೈಶಾಲಿ ಕೈ ಎರಡೂ ನೆಟ್ಟಗ ಅದಾವು.

ಆ ಸೀರಿ ನನಗ ಇಲ್ಲೆ ಉಡಸಬೇಕಂತ ಮಾಡಿದ್ರೇನು? ಇಲ್ಲೆ, ಈ ಪಾರ್ಕಿನಾಗ?

ಅಣ್ಣಾರ, ಬಾಗಲಾ ತಗೀಬ್ಯಾಡ್ರಿ, ಇನ್ನೊಂದ ಸುತ್ತ ಹಾಕಸ್ರಿ ನಮಗ, ಕೈ ಮುಗಿತೇನಿ. ರೀ, ಏಳಬ್ಯಾಡ್ರಿ. ಈ ಕಡೆ ನೋಡ್ರಿ. ನಾಕ ಬ್ಯಾಡ, ಒಂದ ಮಾತ ಆಡ್ರಿ. ಬೈರಿ… ವೈಶಾಲಿ ಹೆಸರರ ತಗೀರಿ. ನಾ ಏನೂ ಅನ್ನಂಗಿಲ್ಲ.