ಇತರೆ ಅಂತ ಬರೆಯಬಾರದು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನಮ್ಮ ಕೆಲಸ ಒಂದು ದಿನ ತಡವಾದರೂ ಹತ್ತು ಸಲ ಫೋನ್ ಮಾಡುವ, ಇವತ್ತು ಮಾತ್ರ ಸರಿಯಾದ ಸಮಯಕ್ಕೆ ಬಂದು ಕುಳಿತಿರುವ ಅತಿಥಿಗಳೇ, ಗೋದಾಮಿನ ಅಣ್ಣಂದಿರೇ, ಕಾಗದಪತ್ರ ವಿಭಾಗದ ಗೆಳತಿಯರೇ, ಸಭಿಕರೇ,

ಇಂದು ನಿವೃತ್ತರಾಗುತ್ತಿರುವ ನಮ್ಮ ವಿಭಾಗದ ಮುಖ್ಯಸ್ಥರ ಬಗ್ಗೆ ಐದು ನಿಮಿಷ ಮಾತನಾಡಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಐದು ನಿಮಿಷಕ್ಕೆ ಬರೆದುಕೊಂಡೂ ಬಂದಿದ್ದೇನೆ. ಆದರೆ ನಮ್ಮ ಕಸುಬಿನಲ್ಲಿ ಹೇಳಿದ ದಿನಕ್ಕೆ ಏನು ತಲುಪಿದೆ, ನೀವೇ ಹೇಳಿ!

ಅವರಿಗೆ 'ಪೆಟ್ಟಿಗೆ ಸಾರ್' ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟದ್ದು ಸರಿಯಾಗಿಯೇ ಇದೆ. ದೊಡ್ಡ ದೊಡ್ಡ ಕಂಪನಿಗಳ ಸರ್ವರ್‌ಗಳು, ನೆಟ್‌ವರ್ಕ್ ಯಂತ್ರಗಳು, ಕೇಬಲ್‌ಗಳು ಗಡಿ ದಾಟಿ ಹೋಗಬೇಕಾದರೆ ಪ್ರತಿಯೊಂದಕ್ಕೂ ಕಾಗದದ ಮೇಲೆ ಒಂದು ಹೆಸರು, ಆ ಹೆಸರಿಗೆ ತಕ್ಕ ಒಂದು ಸಂಖ್ಯೆ ಬೇಕು. ಹೆಸರು ತಪ್ಪಿದರೆ ಕಸ್ಟಮ್ಸ್‌ನವರು ಸಾಮಾನನ್ನು ಅಲ್ಲೇ ಕೂರಿಸುತ್ತಾರೆ. ಬೇರೆಯವರು ಕಂಪನಿ ಕಳಿಸಿದ ಪಟ್ಟಿ ನೋಡಿ ಹೆಸರು ಬರೆಯುತ್ತಾರೆ. ಇವರೋ, ಗೋದಾಮಿಗೆ ಹೋಗಿ ಪೆಟ್ಟಿಗೆ ತೆರೆಸಿ, ವಸ್ತುವನ್ನು ಕಣ್ಣಾರೆ ಕಂಡ ಮೇಲೆಯೇ ಪೆನ್ನಿನ ಮುಚ್ಚಳ ತೆಗೆಯುವುದು. ಅದಕ್ಕಾಗಿ ಗೋದಾಮಿನ ಅಣ್ಣಂದಿರು ಅವರಿಗೆ ಎಷ್ಟು ಶಾಪ ಹಾಕಿದ್ದೀರಿ ಎಂಬುದು ನನಗೆ ಗೊತ್ತು. ನಗಬೇಡಿ, ಅವರಿಗೂ ಗೊತ್ತು.

ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಒಂದು ದೊಡ್ಡ ಕಂಪನಿಯ ಹೊಸ ಕಚೇರಿಗೆ ಅರವತ್ತು ಪೆಟ್ಟಿಗೆ ಹೋಗಬೇಕಿತ್ತು. ಅದರಲ್ಲೊಂದು ಪೆಟ್ಟಿಗೆಯ ತುಂಬ ಬೆರಳುದ್ದದ ಲೋಹದ ತುಂಡುಗಳು. ಏನೆಂದು ತಿಳಿಯಲಿಲ್ಲ. ಕೇಳುವುದಕ್ಕೆ ಜಂಬ ಅಡ್ಡ ಬಂತು. ಪಟ್ಟಿಯ ಕೊನೆಯಲ್ಲಿ ಎಲ್ಲ ಸೋಮಾರಿಗಳಿಗಾಗಿ ಕಾದಿರುವ ಒಂದು ಸಾಲು ಇರುತ್ತದಲ್ಲ, 'ಇತರೆ', ಅದರಲ್ಲಿ ಬರೆದು ಕೈತೊಳೆದುಕೊಂಡೆ. ಆ ಒಂದು ಪದಕ್ಕಾಗಿ ಅರವತ್ತೂ ಪೆಟ್ಟಿಗೆಗಳು ಒಂಬತ್ತು ದಿನ ಬಂದರಿನಲ್ಲಿ ನಿಂತವು. ಅಲ್ಲಿ ನಾನೂರು ಜನ ಹೊಸ ಕುರ್ಚಿಗಳಲ್ಲಿ ಕೈಕಟ್ಟಿ ಕುಳಿತರು.

ಕೆಲಸ ಹೋಯಿತೆಂದೇ ಅಂದುಕೊಂಡೆ. ಸಾರ್ ಬಂದರು. ಗೋದಾಮಿಗೆ ಕರೆದುಕೊಂಡು ಹೋಗಿ, ಉಳಿದಿದ್ದ ಒಂದು ತುಂಡನ್ನು ನನ್ನ ಅಂಗೈಯಲ್ಲಿಟ್ಟರು.

"ಇದು ಏನು ಕೆಲಸ ಮಾಡುತ್ತೆ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲದೇ ಇರೋದು ತಪ್ಪಲ್ಲಮ್ಮ. ಗೊತ್ತಿಲ್ಲದ್ದಕ್ಕೆಲ್ಲ ಇತರೆ ಅಂತ ಬರೆದುಬಿಡ್ತೀವಲ್ಲ, ಅದು ತಪ್ಪು. ಏನು ಕೆಲಸ ಮಾಡುತ್ತೆ ನೋಡು, ಹೆಸರು ತಾನಾಗಿ ಬರುತ್ತೆ."

ತಯಾರಿಸಿದ ಕಂಪನಿಯ ಇಂಜಿನಿಯರಿಗೆ ನನ್ನ ಕೈಯಲ್ಲೇ ಫೋನ್ ಮಾಡಿಸಿದರು. ಬೆಳಕಾಗಿ ಬಂದ ಸುದ್ದಿಯನ್ನು ವಿದ್ಯುತ್ತಾಗಿ ಬದಲಿಸಿ ಯಂತ್ರಕ್ಕೆ ಮುಟ್ಟಿಸುವ ವಸ್ತುವಂತೆ ಅದು. ನಾನು ಫೋನ್ ಇಟ್ಟ ಮೇಲೆ ಸಾರ್ ಯಾಕೋ ಕೆಮ್ಮಿ ಆಚೆ ನೋಡಿದರು. ನಾನೂ ನೆಲ ನೋಡಿದೆ. 'ಇತರೆ' ಎಂಬ ಪದ ನಮ್ಮಿಬ್ಬರ ನಡುವೆ ಬಂದದ್ದು ಅದೇ ಮೊದಲಲ್ಲ.

ಇದನ್ನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು, ಇರಲಿ. ನಾನು ಅವರ ಮನೆಯ ಹುಡುಗಿ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಹೇಗೆ ಎಂಬುದು ಎಲ್ಲರಿಗೂ ಗೊತ್ತಿಲ್ಲ. ನಾನು ಒಂಬತ್ತು ವರ್ಷದವಳಿದ್ದಾಗ ನನ್ನ ತಂದೆ ತೀರಿಕೊಂಡರು. ಹನ್ನೊಂದಕ್ಕೆ ನನ್ನ ತಾಯಿ ಇವರನ್ನು ಮದುವೆಯಾದರು. ಆ ವರ್ಷ ಶಾಲೆಯ ಅರ್ಜಿಯಲ್ಲಿ 'ಪೋಷಕರೊಂದಿಗೆ ಸಂಬಂಧ' ಎಂದಿತ್ತು: ತಂದೆ, ತಾಯಿ, ಇತರೆ. ಇತರೆಯ ಮುಂದೆ ಕಾಗದ ಹರಿಯುವಷ್ಟು ಒತ್ತಿ ಗುರುತು ಹಾಕಿದೆ. ಅವರಿಗೆ ಕಾಣಲಿ ಎಂದೇ ಹಾಕಿದೆ. ಅವರು ನೋಡಿದರು, ಕೆಳಗೆ ಸಹಿ ಮಾಡಿದರು, "ಅಕ್ಷರ ಮುದ್ದಾಗಿದೆ" ಅಂದರು. ಅಷ್ಟೇ.

ಅವರ ಮೇಲೆ ನನಗೇನು ದ್ವೇಷವೇ? ಅಲ್ಲ. ಇದ್ದದ್ದು ಒಂದೇ ಪದ, ಅದನ್ನು ಒಬ್ಬರಿಗೆ ಕೊಟ್ಟಾಗಿತ್ತು. ಇನ್ನೊಬ್ಬರಿಗೆ ಕೊಟ್ಟರೆ ಗೋಡೆಯ ಮೇಲಿನ ಫೋಟೋ ಅನಾಥವಾಗುತ್ತದೆಂದು ಹೆದರಿದ್ದೆ. ಆ ಫೋಟೋದ ಗಾಜನ್ನು ಪ್ರತಿ ಭಾನುವಾರ ಒರೆಸುತ್ತಿದ್ದವರು ಯಾರು ಗೊತ್ತೇ? ಇದೇ ಪೆಟ್ಟಿಗೆ ಸಾರ್. ಒಮ್ಮೆ ಯಾಕೆಂದು ಕೇಳಿದ್ದಕ್ಕೆ, "ಅವರು ನನಗಿಂತ ಮೊದಲು ಬಂದವರು, ಮರ್ಯಾದೆ ಬೇಡ್ವಾ?" ಅಂದರು.

ಅಮ್ಮ ಹದಿನೈದು ದಿನ ಆಸ್ಪತ್ರೆಯಲ್ಲಿದ್ದಾಗ ನನಗೆ ಜಡೆ ಹಾಕಿದವರೂ ಇವರೇ. ಪಾರ್ಸಲ್‌ಗೆ ಹಗ್ಗ ಬಿಗಿದ ಹಾಗೆ ಬಿಗಿಯುತ್ತಿದ್ದರು. ಒಂದು ಜಡೆ ಭುಜಕ್ಕೆ, ಇನ್ನೊಂದು ಕಿವಿಗೆ. ಹುಬ್ಬು ಮೇಲೆ ಹೋಗಿ ಹದಿನೈದು ದಿನವೂ ನಾನು ಆಶ್ಚರ್ಯಪಟ್ಟವಳ ಹಾಗೆ ಶಾಲೆಯಲ್ಲಿ ಕುಳಿತಿದ್ದೆ. ಆದರೆ ಆ ಜಡೆ ಸಂಜೆಯವರೆಗೂ ಬಿಚ್ಚಿಕೊಳ್ಳುತ್ತಿರಲಿಲ್ಲ, ನಿಜ ಹೇಳಬೇಕಲ್ಲ.

ಹೀಗಿದ್ದೂ ಅವರನ್ನು ಏನೆಂದೂ ಕರೆಯದೆ ವರ್ಷಗಳನ್ನು ದಬ್ಬಿದೆ. "ಇಲ್ನೋಡಿ", "ಕೇಳಿಸ್ತಾ", "ಊಟಕ್ಕೆ ಬರಬೇಕಂತೆ". ಇಲ್ಲಿ ಕೆಲಸಕ್ಕೆ ಸೇರಿದಾಗ ನನಗಾದ ದೊಡ್ಡ ಸಮಾಧಾನ ಸಂಬಳದ್ದಲ್ಲ. ಕರೆಯುವುದಕ್ಕೊಂದು ಪದ ಸಿಕ್ಕಿತ್ತು, ಸಾರ್. ಮನೆಯಲ್ಲೂ ಅದನ್ನೇ ಶುರುಮಾಡಿದೆ. ಅಮ್ಮ, ಅಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, "ಸಾರು ಒಲೆ ಮೇಲಿರೋದು ಕಣೇ, ಇವರಲ್ಲ" ಎಂದು ರೇಗಿಸುತ್ತಿದ್ದರು. ಸಾರ್ ಮಾತ್ರ ಮನೆಯಲ್ಲೂ "ಹೇಳಮ್ಮ" ಎಂದೇ ಓಗೊಟ್ಟರು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಇನ್ನೊಂದು ಪದವನ್ನು ಅವರು ಕೇಳಿಲ್ಲ.

ಮೂರು ವಾರದ ಹಿಂದೆ ನಿವೃತ್ತಿಯ ಫಾರಂ ನನ್ನ ಮೇಜಿಗೆ ಬಂತು. ಏನಾದರೂ ಆದರೆ ಮೊದಲು ಯಾರಿಗೆ ತಿಳಿಸಬೇಕು ಎಂಬ ಸಾಲಿನಲ್ಲಿ ಅಮ್ಮನದ್ದಲ್ಲ, ನನ್ನ ಹೆಸರು. ಅಮ್ಮ ಗಾಬರಿಯಾಗುತ್ತಾಳಂತೆ. ನನ್ನ ಫೋನ್ ನಂಬರ್ ಇತ್ತು, ವಿಳಾಸ ಇತ್ತು. 'ಸಂಬಂಧ' ಎಂಬ ಕಾಲಂ ಖಾಲಿ. ಸಭಿಕರೇ, ಕಾಲಂ ಖಾಲಿ ಬಿಟ್ಟವರನ್ನು ಇವರು ಬಾಗಿಲ ಹೊರಗೆ ನಿಲ್ಲಿಸಿದ್ದನ್ನು ನೀವು ನೋಡಿಲ್ಲವೇ?

"ಸಾರ್, ಇದೊಂದು ಬಿಟ್ಟಿದ್ದೀರಿ" ಅಂದೆ.

"ಬಿಟ್ಟಿಲ್ಲ. ಸಾಮಾನಿನ ಯಜಮಾನರ ಬಾಯಿಂದ ಬರದೆ ವಿವರ ಬರೆಯೋ ಹಾಗಿಲ್ಲ. ನಮ್ಮ ಊಹೆ ನಡೆಯಲ್ಲ. ನಿನಗೆ ಸರಿ ಕಂಡದ್ದು ತುಂಬು, ಸಹಿ ಹಾಕ್ತೀನಿ" ಅಂದರು. "ಏನೇ ಬರೆದ್ರೂ ಹಾಕ್ತೀನಿ" ಅಂತಲೂ ಸೇರಿಸಿದರು.

ಏನೇ ಬರೆದರೂ! ಹನ್ನೊಂದು ವರ್ಷದವಳಿಗೂ ಹಾಕಿಕೊಟ್ಟರು, ಮೂವತ್ತೇಳರವಳಿಗೂ ಹಾಕಿಕೊಡುತ್ತಾರಂತೆ. ಮೂರು ವಾರ ಆ ಫಾರಂ ನನ್ನ ಡ್ರಾಯರಿನಲ್ಲಿತ್ತು. ದಿನಕ್ಕೆ ನೂರು ವಸ್ತುಗಳಿಗೆ ಹೆಸರು ಬರೆಯುವವಳು ನಾನು, ಇದೊಂದಕ್ಕೆ ಕೈ ಏಳಲಿಲ್ಲ. ಇವತ್ತು ಕೊನೆಯ ದಿನ. ನಾಳೆಯಿಂದ ಅವರು ಯಾರಿಗೂ ಸಾರ್ ಅಲ್ಲ.

ಬೆಳಿಗ್ಗೆ ಬರೆದೆ. 'ಮಗಳು'. ಬರೆಯುವುದಕ್ಕೆ ಮೂರಕ್ಷರ, ಕರೆಯುವುದಕ್ಕೆ ಎರಡೇ ಅಕ್ಷರ. ಆದರೆ ಎರಡರದ್ದೇ ಭಾರ ಹೆಚ್ಚು ಸಭಿಕರೇ, ಅದಕ್ಕೇ ಕೆಳಗೆ ಅವರೊಬ್ಬರ ಎದುರು ಹಾಗೆ ಕರೆಯಲಾಗದೆ ನಿಮ್ಮೆಲ್ಲರ ಎದುರು ಬಂದು ನಿಂತಿದ್ದೇನೆ. ಕ್ಷಮಿಸಿ, ಸ್ವಲ್ಪ ನೀರು…

ಐದು ನಿಮಿಷದ ಮಾತನ್ನು ಮನೆಯ ಮಾತಾಗಿ ಮಾಡಿಬಿಟ್ಟೆ. ಸಹಿಸಿಕೊಂಡ ಅಧ್ಯಕ್ಷರಿಗೆ, ಕಣ್ಣೊರೆಸಿಕೊಳ್ಳುತ್ತಲೇ ಕೆಮ್ಮಿದಂತೆ ನಟಿಸುತ್ತಿರುವ ಗೋದಾಮಿನ ಅಣ್ಣಂದಿರಿಗೆ, ನಿಮಗೆಲ್ಲರಿಗೂ ನಾನು ಋಣಿ.

ಅಪ್ಪಾ, ಫಾರಂ ಇಲ್ಲಿದೆ, ನಿಮ್ಮ ಸಹಿ ಬೇಕು. ನಿಧಾನ, ಮೆಟ್ಟಿಲು ನೋಡ್ಕೊಂಡು ಬನ್ನಿ. ಕನ್ನಡಕಕ್ಕೆ ಜೇಬು ತಡಕಬೇಡಿ ಅಪ್ಪಾ, ತಲೆ ಮೇಲೇ ಇದೆ.

ಎಲ್ಲರಿಗೂ ನಮಸ್ಕಾರ.